ಕ್ಲಿಂಗನ್ನರ ಹಣೆ ಬದಲಾಯಿತು ಸರಿ, ನಡತೆ ಬದಲಾದದ್ದನ್ನು ಯಾಕೆ ಯಾರೂ ಕೇಳುವುದಿಲ್ಲ?

ಕೆರೆ ಏರಿ, ಮೈಸೂರು

ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಅಂತರಿಕ್ಷ ಕಥೆಯ ಸರಣಿಗಳನ್ನು ನೋಡುವವರು ಇಬ್ಬರು ಸೇರಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಮೊದಲ ಸರಣಿಯ ಕ್ಲಿಂಗನ್ನರ, ಅಂದರೆ ಅದರಲ್ಲಿ ಬರುವ ಅನ್ಯಗ್ರಹದ ಶತ್ರುಗಳ, ಹಣೆ ನಮ್ಮ ಹಾಗೇ ನುಣುಪಾಗಿತ್ತು. ಆಮೇಲೆ ಬಂದವರ ಹಣೆ ಮೇಲೆ ದಪ್ಪ ದಪ್ಪ ಉಬ್ಬುಗಳು. ಯಾಕೆ? ಇದಕ್ಕೆ ಎಲ್ಲರ ಹತ್ತಿರವೂ ಒಂದು ಉತ್ತರ ಇರುತ್ತದೆ. ನನಗೆ ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದು ಕಾಣುತ್ತದೆ. ಅದನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

ಹಣೆಯ ವಿಷಯ ಮೊದಲು ಮುಗಿಸಿಬಿಡೋಣ. ಕ್ಲಿಂಗನ್ನರು ಮೊದಲು ಬಂದದ್ದು 1967ರ ಮಾರ್ಚ್‌ನಲ್ಲಿ, ‘ಎರಂಡ್ ಆಫ್ ಮರ್ಸಿ’ ಎಂಬ ಕಂತಿನಲ್ಲಿ. ಬರೆದವರು ಜೀನ್ ಕೂನ್. ಕೈಯಲ್ಲಿ ದುಡ್ಡು ಕಡಿಮೆ, ಸಮಯವೂ ಕಡಿಮೆ. ಮುಖಕ್ಕೆ ಕಂದು ಬಣ್ಣ, ಪೊದೆ ಹುಬ್ಬು, ಚೂಪು ಗಡ್ಡ, ಅಷ್ಟೇ. 1979ರ ಮೊದಲ ಸಿನಿಮಾದಲ್ಲಿ ಹಣವಿತ್ತು, ಉಬ್ಬು ಬಂತು. ಸರಣಿಯ ಜನಕ ಜೀನ್ ರಾಡನ್‌ಬೆರಿ ಅವರ ನಿಲುವು ಸರಳವಾಗಿತ್ತು. ಕ್ಲಿಂಗನ್ನರು ಮೊದಲಿಂದಲೂ ಹೀಗೇ ಇದ್ದರು, ತೋರಿಸಲು ಆಗ ನಮ್ಮಿಂದ ಆಗಲಿಲ್ಲ ಎಂದುಕೊಳ್ಳಿ ಅಂತ. ನೋಡುವವರೂ ಬಹಳ ವರ್ಷ ಹಾಗೇ ಅಂದುಕೊಂಡರು.

ತೊಂದರೆ ಶುರುವಾದದ್ದು 1996ರಲ್ಲಿ. ಸ್ಟಾರ್ ಟ್ರೆಕ್‌ಗೆ 30 ವರ್ಷ ತುಂಬಿದಾಗ ‘ಡೀಪ್ ಸ್ಪೇಸ್ ನೈನ್’ ಎಂಬ ಆಮೇಲಿನ ಸರಣಿಯ ತಂಡದವರು ತಮ್ಮ ಪಾತ್ರಗಳನ್ನು 1967ರ ‘ಟ್ರಬಲ್ ವಿತ್ ಟ್ರಿಬಲ್ಸ್’ ಕಂತಿನ ಹಳೆಯ ದೃಶ್ಯಗಳ ಒಳಗೇ ಸೇರಿಸಿದರು. ಈ ಸರಣಿಯ ಉಬ್ಬು ಹಣೆಯ ಕ್ಲಿಂಗನ್ ಅಧಿಕಾರಿ ವೋರ್ಫ್ ಒಂದು ಕಡೆ, ನುಣುಪು ಹಣೆಯ ಕ್ಲಿಂಗನ್ನರು ಇನ್ನೊಂದು ಕಡೆ, ಎಲ್ಲರೂ ಒಂದೇ ಕೋಣೆಯಲ್ಲಿ. ಇನ್ನು ಕಣ್ಣು ಮುಚ್ಚಿಕೊಳ್ಳಲು ಆಗುವುದಿಲ್ಲ. ಜೊತೆಯವರು ವೋರ್ಫ್‌ನನ್ನು ಕೇಳುತ್ತಾರೆ. ಹೊರಗಿನವರ ಜೊತೆ ನಾವು ಆ ಮಾತು ಆಡುವುದಿಲ್ಲ ಎನ್ನುತ್ತಾನೆ ಅವನು. ಅಲ್ಲಿಗೆ ನಿಲ್ಲಿಸಿದರು. ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ ಎಂದೇ ನನ್ನ ಅಭಿಪ್ರಾಯ. ಒಂದು ಜನಾಂಗಕ್ಕೆ ಹೇಳಿಕೊಳ್ಳಲಾಗದ ನೋವು ಇದೆ ಅಂತ ಒಂದೇ ಮಾತಿನಲ್ಲಿ ಗೊತ್ತಾಯಿತು.

ಈಗ ನಡತೆಗೆ ಬರೋಣ. ಅದೇ ‘ಟ್ರಬಲ್ ವಿತ್ ಟ್ರಿಬಲ್ಸ್’ನಲ್ಲಿ ಕ್ಲಿಂಗನ್ನರು ಮಾಡುವ ಕೆಲಸ ನೋಡಿ. ಒಬ್ಬ ಕ್ಲಿಂಗನ್‌ಗೆ ಶಸ್ತ್ರಚಿಕಿತ್ಸೆ ಮಾಡಿ ಮನುಷ್ಯನ ವೇಷ ಕೊಡುತ್ತಾರೆ. ಅವನು ಅಧಿಕಾರಿಯ ಸಹಾಯಕನಾಗಿ ಸೇರಿಕೊಂಡು ಒಂದು ಗ್ರಹದ ಜನ ಬಿತ್ತಿ ಉಣ್ಣಬೇಕಾದ ಕಾಳಿಗೆ ವಿಷ ಹಾಕುತ್ತಾನೆ. 1968ರ ‘ಎ ಪ್ರೈವೇಟ್ ಲಿಟಲ್ ವಾರ್’ನಲ್ಲಿ ಗುಟ್ಟಾಗಿ ಹಳ್ಳಿಯವರಿಗೆ ಬಂದೂಕು ಕೊಟ್ಟು ಹೊಡೆದಾಡಿಸುತ್ತಾರೆ. ಮೊದಲ ಕಂತಿನಲ್ಲಿ ಕೋರ್ ಎಂಬ ದಂಡನಾಯಕ ತನ್ನ ಮೇಲೂ ಸದಾ ಕಣ್ಣಿಟ್ಟಿರುತ್ತಾರೆ ಎಂದು ಹೆಮ್ಮೆಯಿಂದ ಹೇಳುತ್ತಾನೆ. ಇದು ಶೀತಲ ಸಮರದ ಕಾಲದ ಅಮೆರಿಕನ್ನರು ಸೋವಿಯತ್ ದೇಶವನ್ನು ಕಂಡ ಬಗೆ. ಗೂಢಚಾರಿಕೆ, ಮೋಸ, ಬೇಹು. ಮಾನ ಮರ್ಯಾದೆ ಎಂಬ ಮಾತೇ ಅಪರೂಪ.

ಇಪ್ಪತ್ತು ವರ್ಷ ಬಿಟ್ಟು ಬಂದ ‘ನೆಕ್ಸ್ಟ್ ಜನರೇಶನ್’ ಸರಣಿ ನೋಡಿ. ಅದೇ ಹೆಸರು, ಅದೇ ಸಾಮ್ರಾಜ್ಯ. ಆದರೆ ಇವರು ಎದುರಿಗೆ ನಿಂತು ಹೊಡೆದಾಡುವವರು. ಸುಳ್ಳು ಹೇಳುವುದು ಸಾವಿಗಿಂತ ಕೀಳು. ಮನೆತನದ ಹೆಸರು ಪ್ರಾಣಕ್ಕಿಂತ ಮೇಲು. ಕಾಳಿಗೆ ವಿಷ ಹಾಕಿದವರ ಮೊಮ್ಮಕ್ಕಳು ಇವರು ಎಂದು ನಂಬುವುದು ಹೇಗೆ?

ಮೊದಲ ಸರಣಿಯಲ್ಲಿ ಗೌರವದಿಂದ ಸಾಯುವ ಎದುರಾಳಿ ಇದ್ದದ್ದು ರೋಮ್ಯುಲನ್ನರು ಎಂಬ ಇನ್ನೊಂದು ಅನ್ಯಗ್ರಹದ ಜನರಲ್ಲಿ. 1984ರ ಮೂರನೇ ಸಿನಿಮಾದ ಮೊದಲ ಕರಡಿನಲ್ಲಿ ಖಳರು ರೋಮ್ಯುಲನ್ನರೇ ಆಗಿದ್ದರು. ಆಮೇಲೆ ಅವರನ್ನು ತೆಗೆದು ಕ್ಲಿಂಗನ್ನರನ್ನು ಹಾಕಿದರು. ರೋಮ್ಯುಲನ್ನರ ‘ಬರ್ಡ್ ಆಫ್ ಪ್ರೇ’ ಹಡಗಿನ ಹೆಸರು ಹಾಗೇ ಉಳಿದುಕೊಂಡಿತು. ಹಡಗಿನ ಜೊತೆ ಅವರ ಗುಣವೂ ಕ್ಲಿಂಗನ್ನರಿಗೆ ಬಂತು ಅನ್ನಿಸುತ್ತದೆ ನನಗೆ. ಆಮೇಲೆ ರೊನಾಲ್ಡ್ ಮೂರ್ ಎಂಬ ಬರಹಗಾರರು ಅದಕ್ಕೆ ಮನೆತನ, ಸಭೆ, ಶಾಪ, ಹಬ್ಬ ಎಲ್ಲ ಸೇರಿಸಿ ಒಂದು ಪೂರ್ತಿ ಸಮಾಜವನ್ನೇ ಕಟ್ಟಿದರು.

ನನ್ನ ಪ್ರಶ್ನೆ ಇಷ್ಟು. ಹಣೆ ಬದಲಾದದ್ದಕ್ಕೆ ಕಥೆಯೊಳಗೆ ಕಾರಣ ಕೊಡಲು ಇಷ್ಟು ಒದ್ದಾಡಿದ್ದಾರೆ. ನಡತೆ ಬದಲಾದದ್ದಕ್ಕೆ ಕಾರಣ ಬೇಡವೇ?

ವಿಸಿ ನಾಲೆ, ಮಂಡ್ಯ

ಸರ್, ವೋರ್ಫ್ ಸುಮ್ಮನಿದ್ದದ್ದು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ 2005ರಲ್ಲಿ ‘ಎಂಟರ್‌ಪ್ರೈಸ್’ ಸರಣಿ ಕೊಟ್ಟ ವಿವರಣೆಯನ್ನು ನೀವು ಹೀಗೆ ದಾಟಿ ಹೋಗುವುದು ಸರಿಯಲ್ಲ. ಅದನ್ನು ತೇಪೆ ಎನ್ನುವವರು ಜಾಸ್ತಿ. ನನಗೆ ಅದು ಇಡೀ ಫ್ರಾಂಚೈಸಿನ ಒಳ್ಳೆಯ ಕಥೆಗಳಲ್ಲಿ ಒಂದು.

ನೋಡದವರಿಗಾಗಿ ಹೇಳುತ್ತೇನೆ. ಮನುಷ್ಯರು ಹಿಂದೆ ವಂಶವಾಹಿ ತಿದ್ದಿ ಆಗ್ಮೆಂಟ್ ಎಂಬ ಬಲಶಾಲಿಗಳನ್ನು ಹುಟ್ಟಿಸಿದ್ದರು. ಹಳೆಯ ಸರಣಿಯ ಖಳ ಖಾನ್ ಅವರಲ್ಲಿ ಒಬ್ಬ. ಅಂಥವರ ಭ್ರೂಣಗಳ ಡಿಎನ್ಎ ಕ್ಲಿಂಗನ್ನರ ಕೈಗೆ ಸಿಗುತ್ತದೆ. ನಮ್ಮ ಸೈನಿಕರನ್ನೂ ಹೀಗೆ ಮಾಡೋಣ ಎಂದು ಹೊರಡುತ್ತಾರೆ. ಪ್ರಯೋಗಕ್ಕೆ ಒಳಗಾದ ಒಬ್ಬನಿಗೆ ಫ್ಲೂ ಇರುತ್ತದೆ. ಎರಡೂ ಬೆರೆತು ಗಾಳಿಯಲ್ಲಿ ಹರಡುವ ರೋಗವಾಗುತ್ತದೆ. ಮೊದಲು ಹಣೆಯ ಉಬ್ಬು ಕರಗುತ್ತದೆ, ಆಮೇಲೆ ಸಾವು. ಡಾಕ್ಟರ್ ಫ್ಲಾಕ್ಸ್ ಔಷಧಿ ಹುಡುಕುತ್ತಾರೆ. ಜೀವ ಉಳಿಯುತ್ತದೆ, ಉಬ್ಬು ವಾಪಸ್ ಬರುವುದಿಲ್ಲ. ಲಕ್ಷಗಟ್ಟಲೆ ಜನ ನುಣುಪು ಹಣೆಯಲ್ಲೇ ಉಳಿಯುತ್ತಾರೆ, ಅವರ ಮಕ್ಕಳೂ ಹಾಗೇ.

ಈಗ ನಿಮ್ಮ ಪ್ರಶ್ನೆಯನ್ನೇ ಇದರ ಪಕ್ಕ ಇಡಿ. ಮನುಷ್ಯರ ವಂಶವಾಹಿ ಒಳಗೆ ಸೇರಿದೆ. ಸ್ವಂತ ಜನರೇ ಮುಖ ನೋಡಿ ಹೇಸುತ್ತಾರೆ. ಅಂಥವರನ್ನು ದೂರದ ಗಡಿಗೆ, ಕೊಳಕು ಕೆಲಸಕ್ಕೆ ಕಳಿಸಿದ್ದರೆ? ಗೂಢಚಾರಿಕೆ, ವಿಷ, ಗುಟ್ಟಿನ ಬಂದೂಕು ಎಲ್ಲ ಅವರ ಪಾಲಿಗೆ ಬಂದಿದ್ದರೆ? ಮೊದಲ ಸರಣಿಯ ನಾಯಕ ಕರ್ಕ್ ಎದುರಿಗೆ ಬರುವವರು ಬರೀ ನುಣುಪು ಹಣೆಯವರೇ ಯಾಕೆ ಎಂಬುದಕ್ಕೂ ಉತ್ತರ ಸಿಗುತ್ತದೆ. ತೆರೆಯ ಮೇಲೆ ಇದನ್ನು ಯಾರೂ ಹೇಳಿಲ್ಲ, ಇದು ನನ್ನ ಊಹೆ. ಆದರೆ 2005ರ ಕಥೆ ಇಲ್ಲದಿದ್ದರೆ ಈ ಊಹೆಗೂ ಜಾಗ ಇರುತ್ತಿರಲಿಲ್ಲ.

ಇನ್ನೊಂದು ಮಾತು. ಕೋರ್‌ನನ್ನು ಬರೀ ಸೋವಿಯತ್ ಅಧಿಕಾರಿ ಮಾಡಬೇಡಿ. ಕಂತಿನ ಕೊನೆಗೆ ಆರ್ಗೇನಿಯನ್ನರು ಎಂಬ ಶಕ್ತಿಶಾಲಿ ಜೀವಿಗಳು ಯುದ್ಧವನ್ನೇ ತಡೆದಾಗ ಕರ್ಕ್ ಹತ್ತಿರ ಅವನು ಏನು ಹೇಳುತ್ತಾನೆ? ಆ ಯುದ್ಧ ನಡೆದಿದ್ದರೆ ಎಷ್ಟು ವೈಭವವಾಗಿರುತ್ತಿತ್ತು ಎಂದು ಕೊರಗುತ್ತಾನೆ. ವೋರ್ಫ್‌ನ ಬೀಜ ಅಲ್ಲೇ ಇದೆ.

ಮೇಕಪ್ ಪೆಟ್ಟಿಗೆ, ಮೈಸೂರು

ನಾನು ಇಲ್ಲಿನ ಹವ್ಯಾಸಿ ನಾಟಕ ತಂಡಗಳಿಗೆ ಬಣ್ಣ ಹಚ್ಚುತ್ತೇನೆ. ಆ ಕಡೆಯಿಂದ ನನಗೆ ಕಂಡದ್ದು ಬರೆಯುತ್ತೇನೆ.

ಜಾನ್ ಕಾಲಿಕೋಸ್ ಅವರ ಕೋರ್‌ನನ್ನು ಇನ್ನೊಮ್ಮೆ ನೋಡಿ. ಆ ವೇಷಕ್ಕೆ ಚೆಂಗೀಸ್ ಖಾನ್ ಥರ ಇರಲಿ ಎಂದು ಸೂಚಿಸಿದ್ದು ಅವರೇ. ಇಂದು ಆ ಬಣ್ಣ ನೋಡಿದರೆ ಬೇಸರವಾಗುತ್ತದೆ. ಶತ್ರು ಎಂದರೆ ಏಷ್ಯಾದವನ ಮುಖ ಎನ್ನುವ ಆ ಕಾಲದ ಯೋಚನೆ ಅದರಲ್ಲಿ ನೇರವಾಗಿ ಕಾಣುತ್ತದೆ. ನಮ್ಮಂಥವರ ಮೈಬಣ್ಣವನ್ನೇ ಬಳಿದು ಶತ್ರುವನ್ನು ಮಾಡಿದ್ದಾರೆ. ಉಬ್ಬು ಬಂದದ್ದರಿಂದ ಕ್ಲಿಂಗನ್ ಭೂಮಿಯ ಯಾವ ಜನರ ಹಾಗೂ ಕಾಣದೆ ಹೋದ. ಅದು ದೊಡ್ಡ ಉಪಕಾರ. ಈ ಮಾತನ್ನು ಹಣೆ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ.

ಆದರೆ ಆ ಬಣ್ಣದ ಅಡಿಯಲ್ಲಿ ಕಾಲಿಕೋಸ್ ಹುಬ್ಬು ಆಡುತ್ತದೆ, ಹಣೆ ಸುಕ್ಕಾಗುತ್ತದೆ, ಅರ್ಧ ನಗು ಕಾಣುತ್ತದೆ. ಹಣೆಗೆ ಲೇಟೆಕ್ಸ್ ರಬ್ಬರ್ ಅಂಟಿಸಿದ ತಕ್ಷಣ ಮುಖದ ಮೇಲರ್ಧ ಸತ್ತ ಹಾಗೆ. ನಟ ದನಿ, ಕಣ್ಣು, ಭುಜದಿಂದ ಕೆಲಸ ತೆಗೆಯಬೇಕು. ‘ನೆಕ್ಸ್ಟ್ ಜನರೇಶನ್’ನ ಕ್ಲಿಂಗನ್ನರು ಅಷ್ಟು ಜೋರಾಗಿ ಗರ್ಜಿಸುವುದಕ್ಕೆ, ಮೈ ಹಿಗ್ಗಿಸಿ ನಗುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಸರ್, ನೀವು ಹಣೆ ಬೇರೆ, ನಡತೆ ಬೇರೆ ಎಂದಿರಿ. ಬಣ್ಣ ಹಚ್ಚುವವಳಿಗೆ ಅವೆರಡೂ ಬೇರೆ ಅಲ್ಲ. ಮುಖ ಭಾರವಾದಾಗ ಪಿಸುಮಾತಿನ ಕುತಂತ್ರಿ ಪಾತ್ರ ಕಷ್ಟ. ದೊಡ್ಡ ದನಿಯ ಯೋಧ ಸುಲಭ.

1991ರ ಆರನೇ ಸಿನಿಮಾದಲ್ಲಿ ಜನರಲ್ ಚಾಂಗ್ ಆಗಿ ಕ್ರಿಸ್ಟಫರ್ ಪ್ಲಮರ್ ಇದ್ದಾರೆ. ಅವರ ಹಣೆಯ ಉಬ್ಬು ತೀರಾ ತೆಳು. ಒಂದು ಕಣ್ಣಿಗೆ ಪಟ್ಟಿ. ಅವರು ಮತ್ತೆ ಪಿಸುಮಾತಿನ ಕುತಂತ್ರಿ! ಮುಖ ಬಿಟ್ಟುಕೊಟ್ಟರೆ ಹಳೆಯ ಕ್ಲಿಂಗನ್ ವಾಪಸ್ ಬರುತ್ತಾನೆ.

ಉಡುಪಿನ ಬಗ್ಗೆಯೂ ಒಂದು ಮಾತು. 1979ರಲ್ಲಿ ರಾಬರ್ಟ್ ಫ್ಲೆಚರ್ ಮಾಡಿದ ಕ್ಲಿಂಗನ್ ಉಡುಪುಗಳನ್ನು ಆಮೇಲೆ ಟಿವಿ ಸರಣಿಗಳಲ್ಲೂ ಬಳಸಿದರು. ದುಡ್ಡು ಉಳಿಸಲು ಮಾಡಿದ್ದೇ ಇರಬಹುದು. ಆದರೆ ಹಣೆ ಸರಣಿಯಿಂದ ಸರಣಿಗೆ ಬದಲಾದರೂ ಇವರು ಅದೇ ಜನ ಎಂದು ನಮಗೆ ಅನ್ನಿಸಿದ್ದು ಆ ಉಡುಪಿನಿಂದ. ವೋರ್ಫ್‌ನ ಹಣೆಯೇ ಮೊದಲ ವರ್ಷಕ್ಕೂ ಆಮೇಲಿನ ವರ್ಷಗಳಿಗೂ ಒಂದೇ ಥರ ಇಲ್ಲ.

ಕೆರೆ ಏರಿ, ಮೈಸೂರು

ಮೇಡಂ, ಮುಖದ ಮೇಲರ್ಧದ ಮಾತು ನನಗೆ ಹೊಸದು. ಇದನ್ನು ಓದಿದ ಮೇಲೆ 1994ರ ‘ಬ್ಲಡ್ ಓತ್’ ಕಂತಿನ ಬಗ್ಗೆ ಹೇಳಲೇಬೇಕು. ಅರವತ್ತರ ದಶಕದ ಮೂವರು ಕ್ಲಿಂಗನ್ನರು, ಕೋರ್, ಕೊಲಾತ್, ಕ್ಯಾಂಗ್, ಮುದುಕರಾಗಿ ವಾಪಸ್ ಬರುತ್ತಾರೆ. ನಟರೂ ಅವರೇ. ಕಾಲಿಕೋಸ್, ವಿಲಿಯಂ ಕ್ಯಾಂಬೆಲ್, ಮೈಕಲ್ ಅನ್ಸಾರಾ. ಮೂವರಿಗೂ ಈಗ ಉಬ್ಬು ಹಣೆ. ಯಾಕೆ ಎಂದು ಕಂತಿನಲ್ಲಿ ಯಾರೂ ಕೇಳುವುದಿಲ್ಲ. ಮಾತಿನ ಧಾಟಿ ಅದೇ, ಕಣ್ಣಿನ ಮಿಂಚು ಅದೇ. ನಾವು ಒಂದು ಕ್ಷಣದಲ್ಲಿ ಒಪ್ಪಿಕೊಂಡೆವು. 2005ರ ರೋಗದ ಕಥೆ ಬಂದ ಮೇಲೆ ಈ ಮೂವರ ಹಣೆಗೆ ಉಬ್ಬು ಹೇಗೆ ವಾಪಸ್ ಬಂತು ಎಂದು ಹೊಸ ಪ್ರಶ್ನೆ ಹುಟ್ಟಿತು. ಒಂದು ಗಂಟು ಬಿಚ್ಚಲು ಹೋಗಿ ಇನ್ನೊಂದು ಗಂಟು. ನಾಲೆಯವರೇ, ನನ್ನ ಅಸಮಾಧಾನ ಇಷ್ಟೇ.

ವಿಸಿ ನಾಲೆ, ಮಂಡ್ಯ

ಆ ಗಂಟಿಗೂ ಅದೇ ಕಥೆಯಲ್ಲಿ ದಾರಿ ಇದೆ ಸರ್. ಕೊನೆಯಲ್ಲಿ ಅಂಟಾಕ್ ಎಂಬ ಕ್ಲಿಂಗನ್ ವೈದ್ಯ ಇನ್ನು ಮುಂದೆ ತಲೆಬುರುಡೆ ತಿದ್ದುವ ಶಸ್ತ್ರಚಿಕಿತ್ಸೆಗೆ ಬೇಡಿಕೆ ಬರುತ್ತದೆ ಎನ್ನುವ ಅರ್ಥದ ಮಾತು ಆಡುತ್ತಾನೆ. ಗಟ್ಟಿ ಉತ್ತರ ಅಲ್ಲ. ಆದರೆ ದೊಡ್ಡ ಮನೆತನದ ಕೋರ್‌ಗೆ ಅದು ಕೈಗೆಟುಕುತ್ತದೆ, ಬಡ ಸೈನಿಕನಿಗೆ ಎಟುಕುವುದಿಲ್ಲ ಎಂದು ಯೋಚಿಸಿ. ಕಥೆ ಇನ್ನೂ ಕಹಿಯಾಗುತ್ತದೆ, ಇನ್ನೂ ನಿಜವಾಗುತ್ತದೆ.

ಪಶ್ಚಿಮವಾಹಿನಿ, ಶ್ರೀರಂಗಪಟ್ಟಣ

ಕೇಲೆಸ್ ಬಗ್ಗೆ ಯಾರೂ ಬರೆದಿಲ್ಲ! ನಡತೆ ಬದಲಾದ ಬಗ್ಗೆ ಮಾತಾಡುವಾಗ ಅವನೇ ಮೊದಲು ಬರಬೇಕಿತ್ತು.

ಕ್ಲಿಂಗನ್ನರ ಆದಿಪುರುಷ ಕೇಲೆಸ್. 1993ರ ‘ರೈಟ್‌ಫುಲ್ ಏರ್’ ಕಂತಿನಲ್ಲಿ ಅವನು ಅವತಾರ ಪುರುಷನ ಹಾಗೆ ಬರುತ್ತಾನೆ. ಮಾನದ ದಾರಿ ತೋರಿಸಿದವನು, ಮತ್ತೆ ಬರುತ್ತೇನೆಂದು ಹೇಳಿ ಹೋದವನು. ಅವನ ದರ್ಶನಕ್ಕಾಗಿ ವೋರ್ಫ್ ತಪಸ್ಸಿನ ಹಾಗೆ ಕೂರುತ್ತಾನೆ. ಬಂದವನು ತದ್ರೂಪಿ ಎಂದು ಗೊತ್ತಾದ ಮೇಲೂ ಅವನನ್ನು ಪೂರ್ತಿ ತಳ್ಳಿಹಾಕುವುದಿಲ್ಲ, ಅಧಿಕಾರವಿಲ್ಲದ ಚಕ್ರವರ್ತಿಯಾಗಿ ಕೂರಿಸುತ್ತಾರೆ.

ಇದೇ ಕೇಲೆಸ್ 1969ರಲ್ಲಿ ಮೊದಲು ಬಂದದ್ದು ಹೇಗೆ? ‘ಸ್ಯಾವೇಜ್ ಕರ್ಟನ್’ ಕಂತಿನಲ್ಲಿ ಕರ್ಕ್, ಅವನ ಜೊತೆಗಾರ ಸ್ಪಾಕ್, ಅಮೆರಿಕದ ಅಧ್ಯಕ್ಷ ಲಿಂಕನ್, ಸ್ಪಾಕ್‌ನ ಜನರ ಜ್ಞಾನಿ ಸುರಾಕ್ ಒಂದು ಕಡೆ, ಅಂದರೆ ಒಳ್ಳೆಯವರ ಗುಂಪು. ಎದುರಿಗೆ ಇತಿಹಾಸದ ದುಷ್ಟರು. ಚೆಂಗೀಸ್ ಖಾನ್ ಪಕ್ಕದಲ್ಲಿ ಕೇಲೆಸ್! ನುಣುಪು ಹಣೆ. ಅವನ ವಿದ್ಯೆ ಏನು ಗೊತ್ತೇ? ಬೇರೆಯವರ ದನಿ ಅನುಕರಿಸಿ ಮೋಸ ಮಾಡುವುದು. ಒಂದೇ ಹೆಸರು, ಒಂದು ಕಡೆ ಮೋಸಗಾರ, ಇನ್ನೊಂದು ಕಡೆ ಪ್ರವಾದಿ.

ಆದರೆ ಆ ಕಂತಿನಲ್ಲಿ ಒಂದು ಸೂಕ್ಷ್ಮ ಇದೆ. ಲಿಂಕನ್ ನಿಜವಾದ ಲಿಂಕನ್ ಅಲ್ಲ. ಆ ಗ್ರಹದ ಕಲ್ಲಿನ ಜೀವಿಗಳು ಕರ್ಕ್‌ನ ಮನಸ್ಸಿನಲ್ಲಿದ್ದ ಚಿತ್ರದಿಂದ ಅವನನ್ನು ಮಾಡಿದ್ದು. ಹಾಗಾದರೆ ಆ ಕೇಲೆಸ್ ಕೂಡ ಕರ್ಕ್‌ನ ತಲೆಯೊಳಗಿನ ಕೇಲೆಸ್ ಇರಬಹುದು. ಶತ್ರುವಿನ ದೇವರನ್ನು ಶತ್ರುವಿನ ಕಣ್ಣಿನಿಂದ ನೋಡಿದ್ದು.

ಮೈಸೂರು ಕಡೆಯವರಿಗೆ ಇದು ಹೊಸದಲ್ಲ. ಚಾಮುಂಡಿ ಬೆಟ್ಟದ ಮಹಿಷಾಸುರನ ಮುಖ ಪೂರ್ತಿ ಮನುಷ್ಯನದು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು. ಮಹಾಬಲಿಪುರದ ಗುಹೆಗೆ ಹೋದರೆ ಅವನಿಗೆ ಮನುಷ್ಯನ ಮೈ, ಕೋಣನ ತಲೆ. ಕೆಲವು ಶಿಲ್ಪಗಳಲ್ಲಿ ಕಡಿದ ಕೋಣನ ಕತ್ತಿನಿಂದ ಮನುಷ್ಯ ಹೊರಗೆ ಬರುತ್ತಾನೆ. ಅವನು ರಾಕ್ಷಸ ಎನ್ನುವವರೂ ಇಲ್ಲೇ ಇದ್ದಾರೆ, ಈ ನಾಡಿನ ಒಳ್ಳೆಯ ರಾಜ ಎನ್ನುವವರೂ ಇಲ್ಲೇ ಇದ್ದಾರೆ. ಕಥೆ ಯಾರ ಬಾಯಲ್ಲಿದೆ ಎಂಬುದರ ಮೇಲೆ ಮುಖ ಬದಲಾಗುತ್ತದೆ. ಹಾಗೆಂದು ಮಹಾಬಲಿಪುರದ ಶಿಲ್ಪಿಯ ತಪ್ಪು ತಿದ್ದಬೇಕು ಎಂದು ಯಾರೂ ಹೊರಡುವುದಿಲ್ಲ ಅಲ್ವಾ?

ಗಂಗೋತ್ರಿ ಹಾಸ್ಟೆಲ್, ಮೈಸೂರು

ನಾನು ಭಾಷಾವಿಜ್ಞಾನದ ವಿದ್ಯಾರ್ಥಿನಿ. ಹಣೆ ಎಷ್ಟು ಸಲ ಬದಲಾದರೂ ಅಷ್ಟಾಗಿ ಬದಲಾಗದೆ ಉಳಿದದ್ದು ಕ್ಲಿಂಗನ್ ಭಾಷೆ. ಅದಕ್ಕೇ ನನಗೆ ಅದರ ಮೇಲೆ ಪ್ರೀತಿ.

1979ರ ಸಿನಿಮಾದಲ್ಲಿ ಕೇಳಿಸುವ ಕೆಲವು ಮಾತುಗಳನ್ನು ಕಟ್ಟಿದ್ದು ಸ್ಕಾಟಿ ಪಾತ್ರದ ನಟ ಜೇಮ್ಸ್ ಡೂಹನ್. 1984ರ ಸಿನಿಮಾಕ್ಕೆ ಮಾರ್ಕ್ ಒಕ್ರಾಂಡ್ ಎಂಬ ಭಾಷಾವಿಜ್ಞಾನಿ ಆ ಚೂರುಗಳನ್ನೇ ಇಟ್ಟುಕೊಂಡು ಪೂರ್ತಿ ವ್ಯಾಕರಣ ಕಟ್ಟಿದರು. 1985ರಲ್ಲಿ ನಿಘಂಟು ಬಂತು. ಹಳೆಯದನ್ನು ಎಸೆಯದೆ ಅದರ ಮೇಲೆ ಕಟ್ಟಿದ್ದನ್ನು ಗಮನಿಸಿ. ಮೇಕಪ್‌ನವರು ಹಾಗೆ ಮಾಡಲಿಲ್ಲ.

ಕನ್ನಡದವರಿಗೆ ಈ ಭಾಷೆಯ ಕೆಲವು ಭಾಗ ಸಲೀಸು. ಅದರಲ್ಲಿ ನಮ್ಮ ‘ಡ’, ‘ಷ’ ಥರದ ಮೂರ್ಧನ್ಯ ಧ್ವನಿಗಳಿವೆ. ಇಂಗ್ಲಿಷ್ ಮಾತಾಡುವವರು ಇವಕ್ಕೆ ಒದ್ದಾಡುತ್ತಾರೆ, ನಮಗೆ ನಾಲಿಗೆ ತಾನಾಗಿ ಮಡಚುತ್ತದೆ. ಪದದ ಹಿಂದೆ ಪ್ರತ್ಯಯದ ಮೇಲೆ ಪ್ರತ್ಯಯ ಸೇರಿಸುತ್ತಾ ಹೋಗುವುದೂ ನಮಗೆ ಗೊತ್ತಿರುವ ದಾರಿ. ಕಷ್ಟ ಇರುವುದು ವಾಕ್ಯದ ಕ್ರಮದಲ್ಲಿ. ಕರ್ಮ ಮೊದಲು, ಕ್ರಿಯಾಪದ ನಡುವೆ, ಕರ್ತೃ ಕೊನೆಗೆ. ಭೂಮಿಯ ಭಾಷೆಗಳಲ್ಲಿ ಇದು ತೀರಾ ಅಪರೂಪ. ಅನ್ಯಗ್ರಹದ ಮಾತಿನ ಹಾಗೆ ಕೇಳಿಸಲಿ ಎಂದು ಒಕ್ರಾಂಡ್ ಬೇಕೆಂದೇ ಹಾಗೆ ಮಾಡಿದರು.

ಈ ಎಳೆಗೆ ಮುಖ್ಯವಾದ ವಿಷಯ ಈಗ ಹೇಳುತ್ತೇನೆ. 1997ರಲ್ಲಿ ಒಕ್ರಾಂಡ್ ಇನ್ನೊಂದು ಪುಸ್ತಕದಲ್ಲಿ ಕ್ಲಿಂಗನ್ ಉಪಭಾಷೆಗಳ ಬಗ್ಗೆ ಬರೆದರು. ಒಂದು ಪ್ರದೇಶದವರು ‘ಬ’ ಬದಲು ‘ಮ’ ಎನ್ನುತ್ತಾರೆ. ವಯಸ್ಸಿನವರಿಗೂ ಹುಡುಗರಿಗೂ ಮಾತು ಬೇರೆ. ಅಂದರೆ ತೆರೆಯ ಮೇಲೆ ನಟರು ಬೇರೆ ಬೇರೆ ಥರ ಉಚ್ಚರಿಸಿದ್ದನ್ನು ತಪ್ಪು ಎನ್ನಬೇಕಾಗಿಲ್ಲ, ಅದೂ ಆ ಜನರ ವೈವಿಧ್ಯ ಎನ್ನಲು ಜಾಗ ಸಿಕ್ಕಿತು. ಮಂಡ್ಯ, ಮೈಸೂರು, ಚಾಮರಾಜನಗರದ ಮಾತು ಒಂದೇ ಥರ ಇದೆಯೇ? ಒಂದು ಗ್ರಹದ ಜನರೆಲ್ಲ ಒಂದೇ ಥರ ಇರಬೇಕು ಎಂದು ನಾವು ಯಾಕೆ ಹಟ ಹಿಡಿಯುತ್ತೇವೆ? ಹಣೆಗೂ ಇದೇ ನ್ಯಾಯ ಕೊಟ್ಟರೆ ರೋಗವೇ ಬೇಕಾಗಿರಲಿಲ್ಲ.

ಹೆಬ್ಬಾಳ ಎರಡನೇ ಹಂತ, ಮೈಸೂರು

ಅಕ್ಕ ಹೇಳಿದ ಮಾತನ್ನೇ ಹಿಡಿದು ‘ಡಿಸ್ಕವರಿ’ ಸರಣಿಯ ಪರವಾಗಿ ಬರೆಯುತ್ತೇನೆ. ಇಲ್ಲಿ ಅದನ್ನು ಕಂಡರೆ ಆಗದವರು ಜಾಸ್ತಿ ಎಂದು ಗೊತ್ತು. ನಾನು ಸ್ಟಾರ್ ಟ್ರೆಕ್ ಶುರು ಮಾಡಿದ್ದೇ ಅದರಿಂದ.

2017ರಲ್ಲಿ ಬಂದ ಕ್ಲಿಂಗನ್ನರಿಗೆ ಕೂದಲಿಲ್ಲ, ತಲೆಬುರುಡೆ ಹಿಂದಕ್ಕೆ ಉದ್ದ, ಮೂಗಿನ ಹೊಳ್ಳೆ ನಾಲ್ಕು. ಬೂದು, ಕಪ್ಪು, ಬಿಳಿಚು, ಹೀಗೆ ಮೈಬಣ್ಣವೂ ಬೇರೆ ಬೇರೆ. ಸಾಮ್ರಾಜ್ಯ 24 ಮನೆತನಗಳಾಗಿ ಒಡೆದಿದೆ. ಒಂದೊಂದು ಮನೆತನಕ್ಕೆ ಒಂದೊಂದು ಉಡುಪು, ಒಂದೊಂದು ರೂಪ. ಇದು ಹೊಸ ಯೋಚನೆ ಅಲ್ವಾ? ಅಲ್ಲಿಯವರೆಗೆ ಕ್ಲಿಂಗನ್ ಎಂದರೆ ಒಂದೇ ಸಮವಸ್ತ್ರದ ಸೈನ್ಯ. ಇಲ್ಲಿ ಮೊದಲ ಸಲ ಅವರು ಬೇರೆ ಬೇರೆ ಊರಿನವರ ಹಾಗೆ ಕಂಡರು. ಕ್ಲಿಂಗನ್ನರು ತಮ್ಮೊಳಗೆ ಮಾತಾಡುವಾಗ ಪೂರ್ತಿ ಕ್ಲಿಂಗನ್‌ನಲ್ಲೇ ಮಾತಾಡಿದರು. ಅವರ ನಾಯಕ ಟಿಕುವ್ಮಾ ಹೆದರುವುದು ಫೆಡರೇಶನ್‌ನ, ಅಂದರೆ ಮನುಷ್ಯರೂ ಇರುವ ಗ್ರಹಗಳ ಒಕ್ಕೂಟದ, ಸೈನ್ಯಕ್ಕಲ್ಲ, ಅದರ ಸ್ನೇಹದ ಮಾತಿಗೆ. ಎಲ್ಲರ ಜೊತೆ ಬೆರೆತು ನಾವು ನಾವಾಗಿ ಉಳಿಯುವುದಿಲ್ಲ ಎಂಬ ಭಯ. ಈ ಭಯ ನಮಗೆ ಪರಿಚಯದ್ದೇ.

2019ರ ಎರಡನೇ ವರ್ಷದಲ್ಲಿ ಕೂದಲು ವಾಪಸ್ ಬಂತು. ಯುದ್ಧಕಾಲದಲ್ಲಿ ತಲೆ ಬೋಳಿಸಿಕೊಂಡಿದ್ದರು ಎಂದರು. ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಸರಣಿ 2023ರಲ್ಲಿ ಏನೂ ಹೇಳದೆ ‘ನೆಕ್ಸ್ಟ್ ಜನರೇಶನ್’ ಕಾಲದ ಮುಖಕ್ಕೇ ಮರಳಿತು. ಜನ ಖುಷಿಯಾದರು. ನನಗೆ ಬೇಜಾರಾಯಿತು. 24 ಮನೆತನಗಳಲ್ಲಿ ನಾಲ್ಕು ಹೊಳ್ಳೆಯ ಒಂದೇ ಒಂದು ಮನೆತನವನ್ನಾದರೂ ಹಿಂದಿನ ಸಾಲಿನಲ್ಲಿ ನಿಲ್ಲಿಸಬಹುದಿತ್ತು.

ಮೇಕಪ್ ಪೆಟ್ಟಿಗೆ, ಮೈಸೂರು

ಹೆಬ್ಬಾಳದ ತಮ್ಮನ ಕೊನೆಯ ಮಾತಿಗೆ ನನ್ನ ಪೂರ್ತಿ ಬೆಂಬಲ ಇದೆ. ಕಲ್ಪನೆ ಚೆನ್ನಾಗಿತ್ತು. ಕೆಟ್ಟದ್ದು ಅಂಟಿಸಿದ ಪ್ರಮಾಣ. ಹಣೆ, ಕೆನ್ನೆ, ತುಟಿಯ ಸುತ್ತ, ಕೈ, ಎಲ್ಲ ಕಡೆ. ಬಾಯಿ ತೆರೆಯಲು ಆಗದವರ ಹಾಗೆ ಮಾತು ಕೇಳಿಸುತ್ತಿತ್ತು. ಲರೆಲ್ ಪಾತ್ರದ ಮೇರಿ ಚೀಫೋ ಅಷ್ಟರಲ್ಲೂ ಕಣ್ಣಿನಿಂದ ಅಭಿನಯ ತೆಗೆದಿದ್ದಾರೆ. ಅವರಿಗೆ ಸಿಗಬೇಕಾದ ಮೆಚ್ಚುಗೆ ಸಿಗಲಿಲ್ಲ.

ಒಂಟಿಕೊಪ್ಪಲ್, ಮೈಸೂರು

ಹಣೆ ಸಣ್ಣ ವಿಷಯ ಎಂದು ಶುರುವಿನಲ್ಲಿ ಬರೆದಿದ್ದೀರಿ. ‘ವಾಯೇಜರ್’ ಸರಣಿಯ ಬೆಲಾನಾ ಟೊರೆಸ್‌ಗೆ ಅದು ಸಣ್ಣದಲ್ಲ. ತಾಯಿ ಕ್ಲಿಂಗನ್, ತಂದೆ ಮನುಷ್ಯ. 2001ರ ‘ಲಿನಿಯೇಜ್’ ಕಂತಿನಲ್ಲಿ ಅವಳು ಬಸುರಿ. ಹುಟ್ಟುವ ಮಗುವಿನ ಚಿತ್ರ ತೋರಿಸುತ್ತಾರೆ. ಹೆಣ್ಣು ಮಗು, ಹಣೆ ಮೇಲೆ ಉಬ್ಬು. ಅಲ್ಲಿಂದ ಅವಳಿಗೆ ಒಂದೇ ಹಟ. ಮಗುವಿನ ಕ್ಲಿಂಗನ್ ಗುರುತು ತೆಗೆಸಬೇಕು. ಹಡಗಿನ ಡಾಕ್ಟರ್ ಒಂದು ಕಂಪ್ಯೂಟರ್ ರೂಪ, ಅವನು ಒಪ್ಪದಿದ್ದಾಗ ಅವನ ಪ್ರೋಗ್ರಾಂ ಅನ್ನೇ ತಿದ್ದುತ್ತಾಳೆ. ಕೊನೆಗೆ ಗಂಡನ ಹತ್ತಿರ ಬಾಯಿ ಬಿಡುತ್ತಾಳೆ. ಚಿಕ್ಕವಳಿದ್ದಾಗ ಜೊತೆಯ ಮಕ್ಕಳು ಕಾಡಿದ್ದು, ತಂದೆ ಮನೆ ಬಿಟ್ಟು ಹೋದದ್ದು, ಅದಕ್ಕೆ ತನ್ನ ರೂಪವೇ ಕಾರಣ ಎಂದು ಇಷ್ಟು ವರ್ಷ ನಂಬಿಕೊಂಡಿದ್ದು.

ಹುಟ್ಟುವ ಕೂಸು ಬೆಳ್ಳಗಿದೆಯೇ ಎಂದು ಮೊದಲು ಕೇಳುವ ಮನೆಗಳಲ್ಲಿ ಬೆಳೆದವರು ನಾವು. ಆ ಕಂತು ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಹಣೆ ಯಾವ ವರ್ಷ ಯಾಕೆ ಬದಲಾಯಿತು ಎಂಬ ಲೆಕ್ಕಕ್ಕಿಂತ, ಆ ಹಣೆ ಹೊತ್ತು ಬದುಕುವುದು ಹೇಗಿರುತ್ತದೆ ಎಂದು ಕೇಳಿದ ಕಂತು ಅದು.

ವಿಸಿ ನಾಲೆ, ಮಂಡ್ಯ

ಮೇಡಂ, ಇದನ್ನು ಓದಿ ಸುಮ್ಮನೆ ಕೂತುಬಿಟ್ಟೆ. ಹುಟ್ಟಿನ ಮಾತು ಬಂದದ್ದಕ್ಕೆ ಮಾರ್ಟಕ್ ಬಗ್ಗೆ ಬರೆಯುತ್ತೇನೆ.

‘ಡೀಪ್ ಸ್ಪೇಸ್ ನೈನ್’ನ ಕ್ಲಿಂಗನ್ ಜನರಲ್ ಮಾರ್ಟಕ್ ಕೆತಾ ಎಂಬ ತಗ್ಗು ಪ್ರದೇಶದ ಸಾಮಾನ್ಯ ಮನೆಯವನು. ಅಧಿಕಾರಿಯಾಗಲು ಅರ್ಜಿ ಹಾಕುತ್ತಾನೆ. ಅದನ್ನು ತಳ್ಳಿಹಾಕಿದ್ದು ಯಾರು? ಕೋರ್! ನಾವೆಲ್ಲ ಇಷ್ಟಪಡುವ ಅದೇ ಕೋರ್. ಕಾರಣ ಒಂದೇ, ಮನೆತನ ದೊಡ್ಡದಲ್ಲ. ಮಾರ್ಟಕ್ ಹಡಗಿನಲ್ಲಿ ಚಾಕರಿ ಮಾಡುತ್ತಾ, ಹೊಡೆದಾಡಿ ಮೇಲೆ ಬರುತ್ತಾನೆ. 1998ರ ‘ಒನ್ಸ್ ಮೋರ್ ಅಂಟು ದ ಬ್ರೀಚ್’ನಲ್ಲಿ ಇಬ್ಬರೂ ಎದುರಾಗುತ್ತಾರೆ. ಕೋರ್‌ಗೆ ಅರಳು ಮರಳು. ಮಾರ್ಟಕ್‌ನ ಬಾಳನ್ನೇ ಹಾಳು ಮಾಡಲು ಹೊರಟ ಆ ಅರ್ಜಿ ಅವನಿಗೆ ನೆನಪೇ ಇಲ್ಲ. ತುಳಿದವನಿಗೆ ಮರೆತುಹೋಗಿದೆ, ತುಳಿಸಿಕೊಂಡವನಿಗೆ ಮರೆತಿಲ್ಲ. ಕೊನೆಗೆ ಕೋರ್ ತನ್ನ ಪ್ರಾಣ ಕೊಟ್ಟು ಎಲ್ಲರನ್ನೂ ಉಳಿಸುತ್ತಾನೆ. ಎಲ್ಲರೂ ಹಾಡುತ್ತಾರೆ, ಮಾರ್ಟಕ್ ಹಾಡುವುದಿಲ್ಲ. ಬರೆದವರು ಅವನ ಬಾಯಲ್ಲಿ ಬಲವಂತವಾಗಿ ಹಾಡು ತುರುಕಲಿಲ್ಲ. ಅದಕ್ಕೆ ನನ್ನ ನಮಸ್ಕಾರ.

ಕ್ಲಿಂಗನ್ನರಲ್ಲಿ ಮಾನ ಎಲ್ಲರಿಗೂ ಒಂದೇ ಅಲ್ಲ. ದೊಡ್ಡ ಮನೆತನದವರ ಮಾನವೇ ಬೇರೆ.

ಕೆರೆ ಏರಿ, ಮೈಸೂರು

ಎಲ್ಲರ ಮಾತನ್ನೂ ಓದಿದೆ. ನನ್ನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಬರೆಯುತ್ತೇನೆ. ಇದಕ್ಕೆ ಆಧಾರ ‘ಎಂಟರ್‌ಪ್ರೈಸ್’ ಸರಣಿಯ 2003ರ ‘ಜಡ್ಜ್‌ಮೆಂಟ್’ ಕಂತು. ರೋಗದ ಕಥೆಯಷ್ಟು ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಕ್ಯಾಪ್ಟನ್ ಆರ್ಚರ್ ಕ್ಲಿಂಗನ್ ನ್ಯಾಯಾಲಯದಲ್ಲಿ ಆರೋಪಿ. ಅವನ ಪರ ವಕೀಲ ಕೋಲೋಸ್ ಎಂಬ ಮುದುಕ. ಪಾತ್ರ ಮಾಡಿದವರು ಜೆ. ಜಿ. ಹರ್ಟ್ಜ್‌ಲರ್, ಮಾರ್ಟಕ್ ಮಾಡಿದವರೂ ಅವರೇ. ಅದೇ ದನಿ ಕೇಳಿ ನಾಲೆಯವರು ಖುಷಿಪಡುತ್ತಾರೆ. ಕ್ಲಿಂಗನ್ನರೆಲ್ಲ ಯೋಧರೇ ಅಲ್ಲವೇ ಎಂದು ಆರ್ಚರ್ ಅಂದುಕೊಂಡಿರುತ್ತಾನೆ. ಕೋಲೋಸ್ ಬಿಡಿಸಿ ಹೇಳುತ್ತಾನೆ. ಅವನ ತಂದೆ ಮೇಷ್ಟ್ರು. ತಾಯಿ ಜೀವವಿಜ್ಞಾನಿ. ಅವನ ಕಾಲದಲ್ಲಿ ನ್ಯಾಯಾಲಯಕ್ಕೆ ಬೆಲೆ ಇತ್ತು. ಆಮೇಲೆ ಯೋಧರ ವರ್ಗ ಎಲ್ಲವನ್ನೂ ಕೈಗೆ ತೆಗೆದುಕೊಂಡಿತು. ಹುಡುಗರೆಲ್ಲ ಕತ್ತಿ ಹಿಡಿಯಲು ಓಡಿದರು. ಗೆದ್ದರೆ ಸಾಕು ಎಂಬುದನ್ನೇ ಮಾನ ಎಂದು ಕರೆಯಲು ಶುರು ಮಾಡಿದರು.

ಈ ಒಂದು ದೃಶ್ಯದಿಂದ ಕಾಳಿಗೆ ವಿಷ ಹಾಕಿದವನಿಗೂ ವೋರ್ಫ್‌ಗೂ ಒಂದೇ ಮನೆಯಲ್ಲಿ ಜಾಗ ಸಿಗುತ್ತದೆ. ನಾವು ಇಷ್ಟು ವರ್ಷ ನೋಡಿದ್ದು ಕ್ಲಿಂಗನ್ನರನ್ನಲ್ಲ, ಅವರ ಸೈನ್ಯವನ್ನು. ಬೇರೆ ಬೇರೆ ಕಾಲದಲ್ಲಿ ಆ ಸೈನ್ಯದ ಬೇರೆ ಬೇರೆ ತುಕಡಿಗಳನ್ನು. ವೋರ್ಫ್ ಬೆಳೆದದ್ದು ಮನುಷ್ಯರ ಮನೆಯಲ್ಲಿ. ತನ್ನ ಜನರ ಬಗ್ಗೆ ಪುಸ್ತಕದಿಂದ ಕಲಿತವನು. ಅವನು ಹಿಡಿದುಕೊಂಡ ಮಾನ ಸಾಮ್ರಾಜ್ಯದಲ್ಲಿ ನಡೆಯುತ್ತಿದ್ದ ಮಾನ ಅಲ್ಲ, ಓದಿ ನಂಬಿದ್ದು. 1990ರ ‘ಸಿನ್ಸ್ ಆಫ್ ದ ಫಾದರ್’ನಲ್ಲಿ ಅವನು ಸಾಮ್ರಾಜ್ಯದ ಸಭೆಗೆ ಹೋಗಿ ನ್ಯಾಯ ಕೇಳಿದಾಗ ಸಿಕ್ಕಿದ್ದು ರಾಜಕೀಯ. ತಂದೆಯ ಮೇಲಿನ ಆರೋಪ ಸುಳ್ಳು ಎಂದು ಸಭೆಗೆ ಗೊತ್ತು, ಆದರೂ ಬಾಯಿ ಮುಚ್ಚುತ್ತದೆ. ಕಳಂಕ ಹೊತ್ತು ಹೊರಗೆ ನಡೆಯುವವನು ವೋರ್ಫ್ ಒಬ್ಬನೇ.

1999ರ ‘ಟ್ಯಾಕಿಂಗ್ ಇಂಟು ದ ವಿಂಡ್’ನಲ್ಲಿ ಜೊತೆಯ ಅಧಿಕಾರಿ ಎಜ್ರಿ ಇದನ್ನು ಅವನ ಮುಖಕ್ಕೇ ಹೇಳುತ್ತಾಳೆ. ಮಾನವಂತನಾದ ನೀನೇ ಭ್ರಷ್ಟರನ್ನು ಸಹಿಸಿಕೊಂಡರೆ ಈ ಸಾಮ್ರಾಜ್ಯಕ್ಕೆ ಉಳಿಗಾಲ ಇದೆಯೇ ಎನ್ನುವ ಅರ್ಥದಲ್ಲಿ. ಆ ಮಾತೇ ಅವನನ್ನು ಆಗ ಸಾಮ್ರಾಜ್ಯ ಆಳುತ್ತಿದ್ದ ಗಾವ್ರಾನ್ ವಿರುದ್ಧ ಕತ್ತಿ ಎತ್ತುವಂತೆ ಮಾಡುತ್ತದೆ. ಗಾವ್ರಾನ್ ಸಾಯುತ್ತಾನೆ, ಸಾಮ್ರಾಜ್ಯದ ಚಾನ್ಸೆಲರ್ ಆಗುವುದು ಕೆತಾದ ಮಾರ್ಟಕ್. ಇದನ್ನು ಬರೆದದ್ದೂ ರೊನಾಲ್ಡ್ ಮೂರ್. ಮಾನದ ಸಮಾಜ ಕಟ್ಟಿದವರೇ ಅದರ ಪೊಳ್ಳುತನವನ್ನೂ ತೋರಿಸಿದರು. ಅದಕ್ಕೇ ನನಗೆ ಅವರ ಕ್ಲಿಂಗನ್ನರು ಎಲ್ಲರಿಗಿಂತ ಮೇಲು.

ಹಾಗಾಗಿ ನಡತೆಗೆ ರೋಗದ ಥರದ ಇನ್ನೊಂದು ವಿವರಣೆ ಬೇಡ. ಬೇಕಿರುವುದು ಕೋಲೋಸ್‌ನಂಥವರು. ಕ್ಲಿಂಗನ್ ಮೇಷ್ಟ್ರು, ರೈತ, ಸೂಲಗಿತ್ತಿ. ಅವರಿಗಾಗಿ ಒಂದು ಪೂರ್ತಿ ಕಂತು ಬರಲಿ.

ಮದ್ದೂರು ಲೋಕಲ್

ನಾನು ಹೊಸಬ. ವೋರ್ಫ್ ಯಾರು ಎಂದು ಮಾತ್ರ ಗೊತ್ತು. ಎಲ್ಲ ಸರಣಿ ನೋಡಲು ಸಮಯ ಇಲ್ಲ ಅಣ್ಣ. ಈ ಚರ್ಚೆ ಅರ್ಥವಾಗಲು ಯಾವ ಕಂತುಗಳು ಸಾಕು?

ಕೆರೆ ಏರಿ, ಮೈಸೂರು

ಮೊದಲು ‘ಎರಂಡ್ ಆಫ್ ಮರ್ಸಿ’. ಆಮೇಲೆ ‘ಸಿನ್ಸ್ ಆಫ್ ದ ಫಾದರ್’, ‘ಬ್ಲಡ್ ಓತ್’, 1996ರ ಟ್ರಿಬಲ್ ಕಂತು. ನಂತರ ‘ಜಡ್ಜ್‌ಮೆಂಟ್’. ಸಿನಿಮಾಗಳಲ್ಲಿ 1991ರದ್ದು ಬಿಡಬೇಡಿ. ಕ್ಲಿಂಗನ್ನರ ಚಂದ್ರ ಸಿಡಿಯುವುದು, ಸಾಮ್ರಾಜ್ಯ ಕುಸಿಯುವ ಸ್ಥಿತಿಗೆ ಬಂದು ಶಾಂತಿ ಕೇಳುವುದು, ಎಲ್ಲ ಚೆರ್ನೋಬಿಲ್ ಮತ್ತು ಸೋವಿಯತ್ ಒಕ್ಕೂಟದ ಕೊನೆಯ ದಿನಗಳ ನೆರಳು. 1967ರಲ್ಲಿ ಶುರುವಾದ ಹೋಲಿಕೆ ಅಲ್ಲಿಗೆ ಮುಗಿಯುತ್ತದೆ.

ಒಂಟಿಕೊಪ್ಪಲ್, ಮೈಸೂರು

‘ಲಿನಿಯೇಜ್’ ಸೇರಿಸಿಕೊಳ್ಳಿ ಮದ್ದೂರಿನವರೇ. ಅದಕ್ಕೆ ಹಿಂದಿನ ಕಂತುಗಳು ಬೇಕಾಗಿಲ್ಲ, ಮನೆಯವರ ಜೊತೆ ಕೂತು ನೋಡಬಹುದು.

ವಿಸಿ ನಾಲೆ, ಮಂಡ್ಯ

2005ರ ಎರಡು ಕಂತನ್ನು ಸರ್ ಬೇಕೆಂದೇ ಬಿಟ್ಟಿದ್ದಾರೆ. ‘ಅಫ್ಲಿಕ್ಷನ್’ ಮತ್ತು ‘ಡೈವರ್ಜೆನ್ಸ್’. ಎರಡನ್ನೂ ಒಟ್ಟಿಗೆ ನೋಡಿ, ನೋಡಿದ ಮೇಲೆ ಇಲ್ಲಿ ಬಂದು ಬರೆಯಿರಿ. ನಿಮ್ಮ ಅಭಿಪ್ರಾಯ ಯಾವ ಕಡೆಗಿದ್ದರೂ ನನಗೆ ಬೇಕು.